ರುದ್ರಪ್ಪನವರ ಡೊಂಕು ಸಮುದ್ರ

ನಕ್ಷೆಯ ಮೇಲಿನ ಬಾಣಗಳನ್ನು ಕಂಡರೆ ರುದ್ರಪ್ಪನವರಿಗೆ ಆಗುತ್ತಿರಲಿಲ್ಲ. ಹಾನುಬಾಳಿನಲ್ಲಿ ಬಸ್ಸು ನಿಲ್ಲುವ ಕಡೆ ಅವರದೊಂದು ಸಣ್ಣ ಹೋಟೆಲು. ಶಾಲೆಗೆ ಕಾಫಿ ತಂದಾಗಲೆಲ್ಲ ಗೋಡೆಯ ನಕ್ಷೆಯ ಮುಂದೆ ನಿಂತು, ಸಮುದ್ರದ ಪ್ರವಾಹಗಳನ್ನು ತೋರಿಸುವ ಬಾಣಗಳಿಗೆ ಬೆರಳು ಚಾಚುತ್ತಿದ್ದರು. "ಇಷ್ಟು ನೆಟ್ಟಗೆ ಹರಿಯಕ್ಕೆ ಅದೇನು ಗದ್ದೆ ಕಾಲುವೇನಾ ಟೀಚರಮ್ಮ? ಹಾವಿನಂಗೆ ಹೋಗ್ತೈತೆ ಅದು!" ಭೂಗೋಳದ ಪಾಠ ನನ್ನದಾಗಿದ್ದರಿಂದ ಬೈಗುಳವೂ ನನಗೇ.

ಹರೆಯದಲ್ಲಿ ಅವರು ಸಮುದ್ರ ಅಳೆಯುವ ಹಡಗೊಂದರಲ್ಲಿ ಅಡುಗೆಯವರಾಗಿದ್ದರು. ಮೀನಿನ ವಾಸನೆಗೇ ಮೂಗು ಮುಚ್ಚುವ ಈ ಶಿವಭಕ್ತರು ಅಲ್ಲಿ ಏಳು ವರ್ಷ ಹೇಗಿದ್ದರೋ! ಹಡಗಿನ ವಿಜ್ಞಾನಿಗಳಿಂದ ಕಲಿತದ್ದನ್ನು ಗಿರಾಕಿಗಳಿಗೆ ಇಡ್ಲಿಯ ಜೊತೆ ಬಡಿಸುತ್ತಿದ್ದರು. "ಭೂಮಿ ಗುಂಡಗೈತೆ, ತಿರುಗ್ತಾ ಐತೆ. ಅದಕ್ಕೇ ಸಮುದ್ರದಾಗೆ ಒಂದು ಮಹಾ ಅಲೆ ಏಳ್ತದೆ. ಎತ್ತರ ಒಂದು ಗೇಣೂ ಇಲ್ಲ, ಉದ್ದ ನೂರಾರು ಮೈಲಿ. ಪಡುವಲಿಗೆ ತೆವಳ್ತಾ ಹೋಗ್ತದೆ, ದಾಟಕ್ಕೆ ವರ್ಷಗಟ್ಲೆ ಬೇಕು. ದಾರೀಲಿ ಸಿಕ್ಕಿದ ಪ್ರವಾಹನೆಲ್ಲ ಡೊಂಕು ಮಾಡ್ಬುಡ್ತದೆ."

"ಗೇಣೆತ್ತರದ್ದು ಸಮುದ್ರ ಬಗ್ಗಿಸ್ತದಾ? ಎಷ್ಟು ಬುರುಡೆ ಬುಡ್ತೀಯೋ ಮಾರಾಯ!" ಎಂದು ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಪುಟ್ಟಸ್ವಾಮಿ ನಗುತ್ತಿದ್ದರು. ಕೊನೆಗೆ 'ಬುರುಡೆ ರುದ್ರಪ್ಪ' ಎಂಬ ಹೆಸರೇ ನಿಂತುಬಿಟ್ಟಿತು.

"ಸಾಂಬಾರಿಗೆ ಉಪ್ಪಿಲ್ಲ ಅನ್ಲಿ, ಒಪ್ಕೋತೀನಿ. ಸುಳ್ಳ ಅಂದ್ರೆ ತಡ್ಕಳಕ್ಕಾಗಲ್ಲ ಕಣ್ರೀ," ಎಂದು ಒಂದು ದಿನ ನನ್ನೆದುರು ಕಣ್ಣು ಒರೆಸಿಕೊಂಡರು. ನನಗೆ ಸಂಕಟವಾಯಿತು. ಹಾಸನದ ಲೈಬ್ರರಿಯಲ್ಲಿ ಹುಡುಕಿದೆ. ಅಂಚಿನಲ್ಲಿ ಬೆಚ್ಚಗೆ, ನಡುವೆ ತಣ್ಣಗೆ ಇಟ್ಟರೆ ಅದೇ ಜಾತಿಯ ಅಲೆಯನ್ನು ತಿರುಗುವ ಬೋಗುಣಿಯಲ್ಲೂ ಎಬ್ಬಿಸಬಹುದೆಂದು ಓದಿ ಬಂದೆ.

ಒಂದು ಭಾನುವಾರ ಹೋಟೆಲಿನ ಮುಂದೆ ಗಾಡಿಚಕ್ರವನ್ನು ಗೂಟದ ಮೇಲೆ ಅಡ್ಡ ಮಲಗಿಸಿದೆವು. ಅದರ ಮೇಲೆ ಅಗಲವಾದ ಬೋಗುಣಿ, ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು, ನಡುವೆ ಐಸ್‌ಕ್ಯಾಂಡಿ ತುಂಬಿದ ಡಬ್ಬ. ತಿರುಗಿಸಲು ಎಸ್ಟೇಟಿನ ಕೂಲಿ ಲೈನಿನ ಕೆಂಚಮ್ಮ ಬಂದಳು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ತಿರುಗಿಸಿ ಪಳಗಿದ ಕೈ ಅವಳದು. ಅದೇ ರಭಸದಲ್ಲಿ ಒಂದು ಸುತ್ತು ಎಳೆದಳು ನೋಡಿ, ಅರ್ಧ ಸಮುದ್ರ ಪುಟ್ಟಸ್ವಾಮಿಯವರ ಬಿಳಿ ಪ್ಯಾಂಟಿನ ಮೇಲಿತ್ತು!

ಜನ ಬಿದ್ದು ಬಿದ್ದು ನಕ್ಕರು. ರುದ್ರಪ್ಪನವರು ಮಾತ್ರ ನಗಲಿಲ್ಲ. ಮತ್ತೆ ನೀರು ತುಂಬಿ, "ಬೋಗುಣೀಲಿ ಕೂಸು ಮಲಗೈತೆ ಅನ್ಕೊಂಡು ತಿರುಗ್ಸವ್ವ," ಎಂದರು.

ಈ ಸಲ ಕೆಂಚಮ್ಮ ಉಸಿರು ಹಿಡಿದು ತಿರುಗಿಸಿದಳು. ಬಹಳ ಹೊತ್ತಾದ ಮೇಲೆ ರುದ್ರಪ್ಪನವರು ಚಮಚದಿಂದ ಡಿಕಾಕ್ಷನ್ ಬಿಟ್ಟರು. ಕಪ್ಪು ಗೆರೆ ಡಬ್ಬದ ಸುತ್ತ ಉಂಗುರವಾಯಿತು. ಆಮೇಲೆ ಒಂದು ಕಡೆ ಉಬ್ಬಿತು, ಇನ್ನೊಂದು ಕಡೆ ಒಳಸರಿಯಿತು. ನೋಡನೋಡುತ್ತ ಐದೆಸಳಿನ ಕಾಫಿ ಹೂವಿನಂತೆ ಡೊಂಕುಡೊಂಕಾಗಿ ಹರಿಯತೊಡಗಿತು.

ಒದ್ದೆ ಪ್ಯಾಂಟಿನಲ್ಲೇ ಪುಟ್ಟಸ್ವಾಮಿ ಬಗ್ಗಿ ನೋಡಿದರು. "ಬಗ್ತು ಕಣೋ ರುದ್ರಪ್ಪ! ನಿಜವಾಗ್ಲೂ ಬಗ್ತು!" ಎಂದು ಕೂಗಿಕೊಂಡರು. ಅವತ್ತು ಬಂದವರಿಗೆಲ್ಲ ಬೋಂಡ ಬಿಟ್ಟಿ.

ಅವರನ್ನು ಕೊನೆಯ ಸಲ ಕಂಡದ್ದು ಕುಂದೂರಿನ ಮಗಳ ಮನೆಯಲ್ಲಿ, ತೀರಿಕೊಳ್ಳುವ ತಿಂಗಳ ಮುಂಚೆ. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಆ ಅಲೆ ಹಡಗಿನಿಂದ ನೋಡಲು ಹೇಗಿತ್ತು ಎಂದು ಕೇಳಿದೆ.

"ಅಷ್ಟುದ್ದದ್ದು, ಅಷ್ಟು ತಗ್ಗಿನದ್ದು, ಹಡಗಿಂದ ಎಲ್ಲಿ ಕಾಣ್ತದೆ ಟೀಚರಮ್ಮ? ಅವರು ಹೇಳಿದ್ರು, ನಾನು ನಂಬಿದ್ದೆ." ಯಾರಾದರೂ ಕೇಳಿಸಿಕೊಂಡಾರೆಂದು ಒಳಗೊಮ್ಮೆ ಇಣುಕಿ, ಬೊಚ್ಚು ಬಾಯಿ ತುಂಬ ನಕ್ಕರು. "ನಾನೂ ಮೊದಲು ನೋಡಿದ್ದು ಅವತ್ತು ಬೋಗುಣೀಲೇಯ."