ಎಲೆಯಲ್ಲಿ ಅಣ್ಣನನ್ನು ಹುಡುಕಿದ್ದು

ನಾನು ಹುಟ್ಟುವಾಗ ಕಾಲು ಮುಂದಾಗಿ ಬಂದವಳು. ಅಂಥವರಿಗೆ ಅಂಜನದಲ್ಲಿ ಕಳೆದುಹೋದದ್ದೆಲ್ಲ ಕಾಣುತ್ತದೆ ಅಂತ ನಮ್ಮ ಕಡೆ ಗಟ್ಟಿ ನಂಬಿಕೆ. ವೀಳ್ಯದೆಲೆಗೆ ಕಪ್ಪು ಹಚ್ಚಿ, ಅದರೊಳಗೆ ದಿಟ್ಟಿಸಿ ನೋಡಬೇಕು, ಅಷ್ಟೇ. ಲಿಂಗನಮಕ್ಕಿ ಅಣೆ ಕಟ್ಟಿ ಮುಗಿದ ಹೊಸತು. ಜೋಗದ ನಮ್ಮ ಕಾಲೊನಿಯಲ್ಲಿ ಯಾರ ಎಮ್ಮೆ ಕಾಡಿನಿಂದ ಬರದಿದ್ದರೂ 'ನಿಮ್ಮ ಹುಡುಗೀನ ಸ್ವಲ್ಪ ಕಳಿಸ್ತೀರಾ' ಅಂತ ಅಮ್ಮನ ಹತ್ತಿರ ಬರೋರು. ಅಮ್ಮ ಕಾಫಿ ಕೊಟ್ಟು, ಇಲ್ಲ ಅಂದು ಕಳಿಸೋಳು.

ನಾವು ಕ್ರೈಸ್ತರು. ಕಣಿ, ಶಕುನ, ಮಾಟ ಎಲ್ಲ ದೇವರಿಗೆ ಅಸಹ್ಯ ಅಂತ ಅಪ್ಪ ಸತ್ಯವೇದ ತೆರೆದು ಗುಡುಗುತ್ತಿದ್ದ. ಅವನು ಪವರ್ ಹೌಸಿನಲ್ಲಿ ಫಿಟ್ಟರ್. ಯಂತ್ರದ ಸದ್ದಲ್ಲಿ ಕೂಗಿ ಕೂಗಿ, ಮನೆಯಲ್ಲೂ ನೀರು ಕೇಳಿದರೆ ಪಕ್ಕದ ಮನೆಯವರು ತಂದುಕೊಡಬೇಕು, ಹಾಗಿರುತ್ತಿತ್ತು ದನಿ. ಜ್ವರ ಬಂದರೂ ಭಾನುವಾರದ ಆರಾಧನೆ ತಪ್ಪಿಸಿದವನಲ್ಲ.

ಅವನಿಗೆ ಆಗದ ಇನ್ನೊಂದು ಅಂದರೆ ಸುಳ್ಳು. ಹೌದಾದರೆ ಹೌದು ಅನ್ನಬೇಕು, ಇಲ್ಲವಾದರೆ ಇಲ್ಲ ಅನ್ನಬೇಕು. ನಮ್ಮಣ್ಣನಿಗೋ ಅವೆರಡೂ ಬಾಯಿಗೇ ಬರುತ್ತಿರಲಿಲ್ಲ! ಸಾಗರದಲ್ಲಿ ಆನೆಯೊಂದು ಬಸ್ಸು ಹತ್ತಿತು, ಕಂಡಕ್ಟರು ಅರ್ಧ ಟಿಕೆಟ್ಟು ಕೊಟ್ಟ ಅಂತ ಹೇಳುವನು. ನಾನು ಬಾಯಿ ಬಿಟ್ಟುಕೊಂಡು ಕೇಳುವೆ. ಅಯ್ಯೋ, ಆ ಸುಳ್ಳುಗಳಿಗಾಗಿ ಈಗಲೂ ನನ್ನ ಜೀವ ಹಾತೊರೆಯುತ್ತದೆ.

ಸ್ನೇಹಿತನ ಮನೆಯಲ್ಲಿ ಓದುತ್ತೇನೆ ಅಂದವನು ಸಾಗರದ ಟೆಂಟ್ ಸಿನಿಮಾದಲ್ಲಿ ಕೂತಿದ್ದನ್ನು ಯಾರೋ ಕಂಡು ಅಪ್ಪನಿಗೆ ಹೇಳಿದರು. ಊಟದ ಹೊತ್ತು. "ಸುಳ್ಳು ಹೇಳೋ ಬಾಯಿಗೆ ಈ ಮನೇಲಿ ಅನ್ನ ಇಲ್ಲ" ಅಂದ ಅಪ್ಪ. ಅಣ್ಣ ಕಲಸಿದ ಅನ್ನ ಬಿಟ್ಟು ಎದ್ದು ಹೋದ. ಮಳೆಗಾಲ ಕಳೆಯಿತು, ಕ್ರಿಸ್‌ಮಸ್ ಬಂತು. ಇದ್ದಾನೋ ಇಲ್ಲವೋ ಅನ್ನುವ ಸುದ್ದಿಯೂ ಇಲ್ಲ.

ಒಂದು ಬೆಳಿಗ್ಗೆ, ಅಪ್ಪ ಕೆಲಸಕ್ಕೆ ಹೋದ ಮೇಲೆ, ಅಮ್ಮ ನನ್ನ ತಲೆ ಬಾಚಿದಳು. "ರಿಪ್ಪನ್‌ಪೇಟೆಗೆ ಹೋಗ್ಬರಣ."

"ಅಲ್ಲಿ ಯಾರಿದ್ದಾರೆ?"

"ಬಾಯ್ಮುಚ್ಕಂಡು ಬಾ."

ಅಲ್ಲಿದ್ದವನು ಅಂಜನ ಹಾಕುವ ಮುದುಕ. ಎಲೆಯನ್ನು ನನ್ನ ಅಂಗೈಯಲ್ಲಿಟ್ಟ. "ಮೊದಲು ಇದರೊಳಗೆ ಒಬ್ಬ ಬಂದು ಕಸ ಗುಡಿಸ್ತಾನೆ. ಆಮೇಲೆ ನೀರು ಚಿಮುಕಿಸೋನು. ಅವರಾದ ಮೇಲೆ ನಿಮ್ಮಣ್ಣ ಬರ್ತಾನೆ, ನೋಡು."

ನೋಡಿದೆ. ನನ್ನ ಮೂಗು ಕಂಡಿತು, ಹಿಂದಿನ ಕಿಟಕಿಯ ಸರಳು ಕಂಡಿತು.

"ಗುಡಿಸೋನು ಬಂದ್ನಾ?"

"ಇಲ್ಲ."

ಅಮ್ಮ ನನ್ನ ಭುಜ ಹಿಚುಕುತ್ತಿದ್ದಳು. ಹೂಂ ಅನ್ನೇ ತಾಯಿ, ಅನ್ನುವಂತೆ. ಅಣ್ಣನಾಗಿದ್ದರೆ ಹೋಟೆಲಿನಲ್ಲಿ ದೋಸೆ ತಿಂತಾ ಕೂತಿದ್ದಾನೆ, ದಪ್ಪಗಾಗಿದ್ದಾನೆ ಅಂತ ಹೇಳಿ ಅವಳನ್ನು ನಗಿಸಿಯೇ ಬಿಡುತ್ತಿದ್ದ. ನಾನು ಅಪ್ಪನ ಮಗಳು. ಮತ್ತೂ ಇಲ್ಲ ಅಂದೆ. ಮುದುಕ ಸಿಟ್ಟಿನಿಂದ ಎಲೆ ಕಿತ್ತುಕೊಂಡು ಒರೆಸಿಬಿಟ್ಟ.

ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮ ಸೆರಗಿನಿಂದ ನನ್ನ ಕೈ ಉಜ್ಜಿದಳು. "ಅಪ್ಪ ಕೇಳಿದ್ರೆ ಸಾಗರಕ್ಕೆ ಬಟ್ಟೆ ತರಕ್ಕೆ ಹೋಗಿದ್ವಿ ಅನ್ನು." ಸುಳ್ಳು ಹೇಳಿದರೆ ನಮ್ಮ ತುಟಿ ಹಿಂಡುತ್ತಿದ್ದ ನನ್ನಮ್ಮ! ನನಗೆ ಅಳು ಬಂತು.

ಮನೆಗೆ ಬಂದರೆ ಅಪ್ಪ ಮೆಟ್ಟಿಲ ಮೇಲೆ ಕೂತಿದ್ದ. "ಎಲ್ಲಿಗೆ ಹೋಗಿದ್ರಿ?" ಅಂತ ಕೂಗಿದ.

ಅಮ್ಮ ಸಾಗರ ಅನ್ನಲು ಬಾಯಿ ತೆರೆದಳು. ಆದರೆ ಬಂದ ಮಾತೇ ಬೇರೆ. "ರಿಪ್ಪನ್‌ಪೇಟೆಗೆ. ಅಂಜನ ಹಾಕ್ಸಕ್ಕೆ."

ಸತ್ತೆವು ಅಂದುಕೊಂಡು ನಾನು ಅಮ್ಮನ ಸೆರಗು ಹಿಡಿದು ನಿಂತೆ. ಅಪ್ಪ ನನ್ನನ್ನು ಹತ್ತಿರ ಕರೆದ. ಅವನಿಗೆ ಅಷ್ಟು ಸಣ್ಣ ದನಿ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ.

"ಕಂಡ್ನಾ?"

"ಇಲ್ಲಪ್ಪ."

"ಸರಿಯಾಗಿ ನೋಡಿದ್ಯಾ, ಪುಟ್ಟಿ?" ಕಪ್ಪು ಹೋಗದ ನನ್ನ ಅಂಗೈಯನ್ನು ಬಿಡಿಸಿ ತಾನೇ ಬಗ್ಗಿ ನೋಡಿದ. "ಭಾನುವಾರ ಇನ್ನೊಂದ್ಸಲ ಹೋಗಣ. ನಾನೂ ಬರ್ತೀನಿ."