ಚೂರಿಯ ಬೆನ್ನು

ನಮ್ಮೂರು ನಾವುಂದದಲ್ಲಿ ನನ್ನ ತಂಗಿ ವನಜಳ ಹೆಸರು ಹೇಳಿದರೆ ಜನರಿಗೆ ಮೊದಲು ನೆನಪಾಗುವುದು ಅವಳ ಕೈ. ನಾನು ಮೀನು ಮಾರುತ್ತೇನೆ, ಪಕ್ಕದಲ್ಲಿ ಕೂತು ಅವಳು ಕೊಯ್ದು ಕೊಡುತ್ತಾಳೆ. ಮೆಟ್ಟುಕತ್ತಿಯ ಮಣೆಯನ್ನು ಕಾಲಿನಲ್ಲಿ ಅದುಮಿಕೊಂಡು, ನೆಟ್ಟಗೆ ನಿಂತ ಅಲಗಿಗೆ ಎರಡೂ ಕೈಯಿಂದ ಅಂಜಲ್ ಮೀನನ್ನು ಒತ್ತಿದಳೆಂದರೆ ತುಂಡುಗಳು ಒಂದೇ ದಪ್ಪಕ್ಕೆ ಬೀಳುತ್ತವೆ. ಬೈಂದೂರಿನಿಂದಲೂ ಜನ "ವನಜಕ್ಕ ಇದ್ರಾ?" ಎಂದು ಕೇಳಿಕೊಂಡೇ ಬರುತ್ತಾರೆ. ಅವಳಿಗೆ ಮಾತು ಕಡಿಮೆ, ಯಾರು ಏನಂದರೂ ನಕ್ಕು ಸುಮ್ಮನಾಗುತ್ತಾಳೆ. ನಗುವ ಕೆಲಸ ಅವಳದ್ದು, ಬೈಯುವ ಕೆಲಸ ನನ್ನದು. ಚಿಕ್ಕಂದಿನಿಂದ ಹಾಗೇ ನಡೆದುಕೊಂಡು ಬಂದಿದೆ.

ಅವಳ ಗಂಡ ಜಿತೇಂದ್ರ ಮುಂಬೈ ಹೋಟೆಲಿನಲ್ಲಿದ್ದು ಬಂದವನು. ಹೋಟೆಲಿನವನೆಂದು ಅಡುಗೆ ಬರುತ್ತದೆಂದುಕೊಳ್ಳಬೇಡಿ, ಅವನು ಕೂರುತ್ತಿದ್ದದ್ದು ಗಲ್ಲಾಪೆಟ್ಟಿಗೆಯ ಮುಂದೆ. ಒಂದು ನೀರುಳ್ಳಿಯ ಸಿಪ್ಪೆ ತೆಗೆದದ್ದನ್ನು ಈ ಕಣ್ಣಿನಿಂದ ನಾನು ಕಂಡಿಲ್ಲ. ಊರಿಗೆ ಬಂದ ಮೇಲೆ ಅವನಿಗೆ ವಿಡಿಯೋ ಮಾಡಿ ಹಾಕುವ ಹುಚ್ಚು ಹಿಡಿಯಿತು. ಅವನ್ನು ನೋಡಿ ಯಾವುದೋ ಊರಿನ ಚೂರಿ ವ್ಯಾಪಾರಿಯೊಬ್ಬ ಪಾರ್ಸೆಲಿನಲ್ಲಿ ಒಂದು ಮಡಚುವ ಚೂರಿ ಕಳಿಸಿದ. ದಪ್ಪ ಅಲಗು, ಕಪ್ಪು ಹಿಡಿ, ಬಿಡಿಸಿದಾಗ ಟಕ್ಕೆಂದು ಕೂರುವ ಒಂದು ಕೊಂಡಿ. ಎಂಥಾ ಒರಟು ಕೆಲಸಕ್ಕೂ ಆದೀತು, ಮನೆಗೆಲಸಕ್ಕೆಲ್ಲ ಬಳಸಿ ವಿಡಿಯೋ ಹಾಕಿದರೆ ಈ ಕಡೆಯ ಏಜೆನ್ಸಿ ನಿಮಗೇ ಎಂದನಂತೆ.

"ನೀವೇ ಕೊಯ್ದ್ ತೋರ್ಸುಕಾಗ್ದಾ?" ಎಂದಳು ವನಜ.

"ಫೋನ್ ಹಿಡುಕೆ ಜನ ಬೇಕಲ್ದಾ? ಮತ್ತೆ, ಅಡ್ಗಿ ಕೆಲ್ಸ ಹೆಂಗ್ಸ್ರ್ ಮಾಡ್ರೇ ಜನ ಕಾಂಬುದ್" ಎಂದ ಅವನು.

ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಆ ಮನೆಯಲ್ಲಿ ಕೆಸರಾಗುವ ಕೈ ಒಬ್ಬರದ್ದು, ಮೊಸರಿನ ಬಾಯಿ ಇನ್ನೊಬ್ಬರದ್ದು.

ಸುಳ್ಳು ಹೇಳಲಾರೆ, ಚೂರಿ ಹರಿತವಾಗಿತ್ತು. ಹಿತ್ತಿಲಿನ ಒಗೆಯುವ ಕಲ್ಲಿನ ಹತ್ತಿರ ಕೂತು ವನಜ ಹಳೆಯ ಬಲೆಯ ಹಗ್ಗ ಕೊಯ್ದಳು. ಅಕ್ಕಿ ಚೀಲದ ಹೊಲಿಗೆ ಬಿಚ್ಚಿದಳು. ಬಾಳೆದಿಂಡು ಹೆಚ್ಚಿದಳು, ಸುವರ್ಣಗೆಡ್ಡೆಯ ಸಿಪ್ಪೆ ಕೆತ್ತಿದಳು, ಬಂಗುಡೆಯ ಹೊಟ್ಟೆ ಸೀಳಿದಳು. ನಾನು ಬಾವಿಕಟ್ಟೆಯಲ್ಲಿ ನೀರು ಸೇದುತ್ತಿದ್ದೆ. "ಅಕ್ಕ, ಲಾಯ್ಕಿತ್ತ್ ಕಾಣ್" ಎಂದು ಚೂರಿ ಎತ್ತಿ ತೋರಿಸಿ ನಕ್ಕಳು.

"ಈಗ ಒಂದ್ ಕಾಯಿ ಒಡಿ, ವಿಡಿಯೋ ಮುಗ್ಸುಕೆ ಅದೇ ಇರ್ಲಿ" ಎಂದ ಜಿತೇಂದ್ರ.

ನಮ್ಮ ಕಡೆ ಕಾಯಿ ಒಡೆಯುವುದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಎಡ ಅಂಗೈಯಲ್ಲಿ ಕಾಯಿ ಹಿಡಿದು, ಕತ್ತಿಯನ್ನು ತಿರುವಿ, ಅದರ ಬೆನ್ನಿನಿಂದ ಕಾಯಿಯ ನಡುವಿಗೆ ಸುತ್ತಲೂ ಕುಟ್ಟುತ್ತೇವೆ. ಹರಿತವಾದ ಬಾಯಿಂದ ಹೊಡೆದರೆ ಅಲಗು ಮುಕ್ಕಾಗುತ್ತದೆ. ಕಾಯಿ ಕಂಡರೆ ಸಾಕು, ಕತ್ತಿ ಹಿಡಿದ ಕೈ ತಾನಾಗಿ ತಿರುಗುತ್ತದೆ. ಆದರೆ ನಮ್ಮ ಕತ್ತಿಗಳು ಮಡಚುವುದಿಲ್ಲ. ಮಡಚುವ ಚೂರಿಯ ಬೆನ್ನಿಗೆ ಪೆಟ್ಟು ಬಿದ್ದರೆ ಅದು ಮಡಚುವ ದಿಕ್ಕಿಗೇ ಬೀಳುತ್ತದೆ, ತಡೆಯಲು ಇರುವುದು ಆ ಪುಟ್ಟ ಕೊಂಡಿ ಒಂದೇ. ವ್ಯಾಪಾರಿಗೆ ಇದು ಗೊತ್ತಿರಲೇಬೇಕು, ಅವನು ಹೇಳಲಿಲ್ಲ. ಜಿತೇಂದ್ರ ಕೇಳಲಿಲ್ಲ.

ಮೊದಲ ಪೆಟ್ಟುಗಳನ್ನು ಕೊಂಡಿ ತಡೆಯಿತು. ಆಮೇಲೆ ತಪ್ಪಿತು. ಅಲಗು ಹಿಂದಕ್ಕೆ ಮಡಚಿಕೊಂಡು, ಹಿಡಿಯ ಮೇಲಿದ್ದ ಅವಳ ಬಲಗೈ ಹೆಬ್ಬೆರಳಿನ ಬುಡಕ್ಕೆ ಇಳಿಯಿತು.

"ಹ್ವಾಯ್!" ಎಂದು ಗಂಡನನ್ನು ಕೂಗಿದಳು. "ಹ್ವಾಯ್, ಇಲ್ ಬನ್ನಿ!"

ನಾನು ಕೊಡಪಾನ ಬಿಸಾಡಿ ಓಡಿದೆ. ಕಲ್ಲಿನ ಮೇಲೆ ಕಾಯಿನೀರಿನ ಜೊತೆ ರಕ್ತ ಹರಿಯುತ್ತಿತ್ತು. ಅವಳ ಎದುರಿಗೇ ನಿಂತಿದ್ದ ಗಂಡನ ಕೈಯಲ್ಲಿ ಫೋನು ಎತ್ತಿ ಹಿಡಿದ ಹಾಗೇ ಇತ್ತು. ನನ್ನ ಸೆರಗಿನಲ್ಲಿ ಅವಳ ಕೈ ಸುತ್ತಿ ರಿಕ್ಷಾ ಹತ್ತಿಸಿದೆ. ಅಲ್ಲಿಯವರೆಗೆ ತಂಗಿಯ ಗಂಡನೆಂದು ಅವನನ್ನು ಬಹುವಚನ ಕೊಟ್ಟು ಮಾತಾಡಿಸುತ್ತಿದ್ದೆ. ಅವತ್ತು ಇಳಿಸಿದ ಬಹುವಚನವನ್ನು ಇವತ್ತಿಗೂ ವಾಪಸು ಕೊಟ್ಟಿಲ್ಲ.

ಕುಂದಾಪುರದಲ್ಲಿ ಡಾಕ್ಟರು ಹೊಲಿಗೆ ಹಾಕಿದರು. ಹೆಬ್ಬೆರಳನ್ನು ಎತ್ತುವ ನರ ತುಂಡಾಗಿದೆ, ಜೋಡಿಸಿದ್ದೇನೆ, ಮೊದಲಿನ ಹಾಗೆ ಆಗುತ್ತದೆಂದು ಮಾತ್ರ ಹೇಳಲಾರೆ ಎಂದರು. ಹೆಬ್ಬೆರಳು ಏಳದಿದ್ದರೆ ಕೊಯ್ಯುವಾಗ ಮೀನು ಹಿಡಿಯುವುದು ಹೇಗೆ? ವನಜ ರಿಕ್ಷಾದಲ್ಲಿ ಬರುವಾಗ ದಾರಿಯುದ್ದಕ್ಕೂ ಬ್ಯಾಂಡೇಜನ್ನೇ ನೋಡುತ್ತಿದ್ದಳು.

ಕೆಲಸವಿಲ್ಲದಿದ್ದರೂ ಮನೆಯಲ್ಲಿ ಕೂರಲಾಗದೆ ಅವಳು ಮಾರ್ಕೆಟಿಗೆ ಬಂದು ನನ್ನ ಪಕ್ಕ ಕೂರುತ್ತಿದ್ದಳು. ಒಂದು ದಿನ ಐಸ್ ತರುವ ಪದ್ದು ಬಂದು, ಹೇಳುವುದೋ ಬೇಡವೋ ಎಂದು ತಲೆ ಕೆರೆದುಕೊಂಡು, ತನ್ನ ಫೋನು ನಮ್ಮ ಮುಂದೆ ಹಿಡಿದ. ಜಿತೇಂದ್ರ ಆ ವಿಡಿಯೋ ಹಾಕಿದ್ದ! ಮೇಲೆ ಬರೆದಿದ್ದ: "ಚೂರಿ ಸರಿಯಿದೆ, ಬುದ್ಧಿ ಸರಿಯಿಲ್ಲ." ಕೆಳಗೆ ಊರಿಗೆ ಊರೇ ಹಲ್ಲು ಕಿರಿದಿತ್ತು. ಹೇಳುವಾಗ ಈಗಲೂ ನನ್ನ ಮೈ ಉರಿಯುತ್ತದೆ.

ವನಜ ಅದನ್ನು ಕೊನೆಯವರೆಗೂ ನೋಡಿದಳು. ಅವಳು ಕೂಗುವುದು ಅದರಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು. ಚಿತ್ರ ಮಾತ್ರ ಒಂದಿಷ್ಟೂ ಅಲುಗಾಡಿರಲಿಲ್ಲ. ನೋವಿನಲ್ಲಿ ಅವತ್ತು ಕಾಣದೆ ಹೋದದ್ದನ್ನು ಅವಳು ಆಗ ಕಂಡಳು. ನಗಲಿಲ್ಲ.

ನಾನು ಬುಟ್ಟಿಯನ್ನು ಪದ್ದುವಿನ ವಶಕ್ಕೆ ಕೊಟ್ಟು ನೇರ ಅವರ ಮನೆಗೆ ಹೋದೆ. ವನಜ ನನ್ನ ಹಿಂದೆಯೇ ಬಂದಳು.

"ತೆಗಿ ಅದನ್ನ! ಹೆಂಡ್ತಿ ರಕ್ತ ಸುರ್ಸ್ಕಂಡ್ ಕೂಗ್ತಿಪ್ಪತಿಗೆ ಫೋನ್ ಕೆಳ್ಗ್ ಇಡುಕೆ ನಿಂಗ್ ಕೈ ಬರ್ಲಿಲ್ಯಾ?"

"ಗಾಬ್ರಿಯಂಗೆ ಗೊತ್ತಾಯ್ಲಿಲ್ಲ ಅಕ್ಕ. ತಪ್ಪ್ ಅವ್ಳದ್ದೇ ಅಂಬ್ರ್ ಆ ಚೂರಿಯವ್ರ್. ಬೆನ್ನಂಗೆ ಯಾರಾರೂ ಹೊಡಿತ್ರಾ?"

ಹುಟ್ಟಿದಾಗಿನಿಂದ ಕತ್ತಿಯ ಬೆನ್ನಿನಿಂದ ಒಡೆದ ಕಾಯಿಯ ಸಾರು ಉಂಡು ಬೆಳೆದವನ ಬಾಯಲ್ಲಿ ಈ ಮಾತು! ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬುದು ಸುಳ್ಳಲ್ಲ. ನಾನು ಇನ್ನೂ ಬೈಯುತ್ತಿದ್ದೆನೇನೋ, ವನಜ ನನ್ನನ್ನು ತಡೆದಳು.

"ತೆಗುದ್ ಬೇಡ, ಇರ್ಲಿ. ಸರಿ ಒಡುದ್ ಹ್ಯಾಂಗೆ ಅಂದೇಳಿ ನೀವ್ ಒಂದ್ಸಲ ತೋರ್ಸಿ, ಕಾಂಬ."

ವ್ಯಾಪಾರಿಯೂ ಅವನಿಗೆ ಅದನ್ನೇ ಹೇಳಿದ್ದನಂತೆ. ಮರುದಿನ ಬೆಳಿಗ್ಗೆ ಅದೇ ಕಲ್ಲಿನ ಹತ್ತಿರ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಇಸ್ತ್ರಿ ಅಂಗಿ ಹಾಕಿ, ಜಿತೇಂದ್ರ ಕೂತ. ವಿಡಿಯೋದಲ್ಲಿ ಅವನಿಗೆ ಪುಸ್ತಕದ ಕನ್ನಡ ಬರುತ್ತದೆ.

"ನಮಸ್ಕಾರ ವೀಕ್ಷಕರೇ. ಮೊನ್ನೆ ನೀವು ನೋಡಿದ್ದು ತಪ್ಪು ವಿಧಾನ. ಉಪಕರಣವನ್ನು ಬಳಸುವ ಮೊದಲು ಅದನ್ನು ಅರ್ಥ ಮಾಡಿಕೊಳ್ಳಬೇಕು..."

ಬಾಯಿ ಮಾತಾಡುತ್ತಲೇ ಇತ್ತು. ಎಡಗೈ ಕಾಯಿ ಎತ್ತಿಕೊಂಡಿತು. ಬಲಗೈ ಚೂರಿಯನ್ನು ತಿರುವಿ, ಬೆನ್ನು ಕೆಳಗೆ ಮಾಡಿ, ಮೇಲಕ್ಕೆತ್ತಿತು.

"ಹ್ವಾಯ್!"

ಮೆಟ್ಟಿಲಲ್ಲಿ ಕೂತಿದ್ದ ವನಜ ಹಾರಿ ಬಂದು ಎಡಗೈಯಿಂದ ಅವನ ಮಣಿಕಟ್ಟು ಹಿಡಿದುಬಿಟ್ಟಳು. ಕಾಯಿ ಉರುಳಿ ತೆಂಗಿನ ಬುಡಕ್ಕೆ ಹೋಯಿತು. ಜಿತೇಂದ್ರ ತನ್ನ ಕೈಯನ್ನು ಬೇರೆ ಯಾರದ್ದೋ ಎಂಬಂತೆ ನೋಡಿದ.

"ಕೈ ತನ್ನಷ್ಟಿಗೇ ತಿರ್ಗ್ತ್ ಮಾರಾಯ್ತಿ" ಎಂದ, ಸಣ್ಣ ಸ್ವರದಲ್ಲಿ.

"ನಂದೂ ಹಾಂಗೇ ತಿರ್ಗದ್ದ್" ಎಂದಳು ವನಜ. ಚೂರಿಯನ್ನು ಅವನ ಕೈಯಿಂದ ಬಿಡಿಸಿ ಬಾವಿಯ ಆಚೆಗೆ ಎಸೆದಳು.

ಆ ವಿಡಿಯೋ ಅವನು ಹಾಕಲಿಲ್ಲ. ಹಳೆಯದ್ದೂ ಯಾವಾಗಲೋ ಕಾಣೆಯಾಯಿತು. ಬ್ಯಾಂಡೇಜು ಬಿಚ್ಚಿ ವನಜ ಈಗ ಮತ್ತೆ ಮೆಟ್ಟುಕತ್ತಿಯ ಮುಂದೆ ಕೂರುತ್ತಾಳೆ. ಬಲಗೈ ಹೆಬ್ಬೆರಳು ತಾನಾಗಿ ಏಳುವುದಿಲ್ಲ. ಪ್ರತಿ ಮೀನಿಗೂ ಎಡಗೈಯಿಂದ ಅದನ್ನು ಎತ್ತಿ, ಮೀನಿನ ಮೇಲಿಟ್ಟುಕೊಂಡು, ಆಮೇಲೆ ಒತ್ತುತ್ತಾಳೆ. ತುಂಡು ಒಂದು ದಪ್ಪ, ಒಂದು ತೆಳ್ಳಗೆ ಬೀಳುತ್ತದೆ. ಕೆಲವರು ಸುಮ್ಮನೆ ತೆಗೆದುಕೊಂಡು ಹೋಗುತ್ತಾರೆ, ಕೆಲವರು ಈಗ ಆಚೆ ಸಾಲಿಗೆ ಹೋಗುತ್ತಾರೆ. ಅವಳು ಕೂಗಿದಾಗ ಅವನು ಫೋನು ಕೆಳಗಿಡಲಿಲ್ಲ. ಅವನ ಕೈ ತಿರುಗಿದಾಗ ಅವಳು ಕೂಗಿದಳು. ಒಳ್ಳೆಯ ಹೆಂಗಸು ಎಂದು ಊರೆಲ್ಲ ಹೊಗಳುತ್ತದೆ. ಹೊಗಳಲಿ. ನಾನಾಗಿದ್ದರೆ ಬಾಯಿ ಬಿಡುತ್ತಿರಲಿಲ್ಲ.