ಹಾಲ್ಟಿಂಗ್ ಬಸ್ಸಿನ ಜವರಪ್ಪ

ಬಿಳಿಗೆರೆಯಲ್ಲಿ ರಾತ್ರಿ ತಂಗುವ ಹಾಲ್ಟಿಂಗ್ ಬಸ್ಸಿನ ಡ್ರೈವರ್ ಜವರಪ್ಪನಿಗೆ ಇಪ್ಪತ್ತಾರು ವರ್ಷದಿಂದ ಹಿಂದಿನ ಉದ್ದ ಸೀಟೇ ಮಂಚ, ಬಿಸಿ ಬಾನೆಟ್ಟೇ ಬುತ್ತಿ ಕಾಯಿಸುವ ಒಲೆ. ರಿಟೈರಾಗಲು ಆರು ತಿಂಗಳಿರುವಾಗ, ಮಂಚ, ಸ್ಟೌ ಕೂರಿಸಿ ಮನೆಯಂತೆ ಮಾಡಿದ ಹಳೇ ಮೆಟಡಾರ್ ವ್ಯಾನೊಂದು ತಿಪಟೂರಿನ ಗ್ಯಾರೇಜಿನಲ್ಲಿ ಅವನ ಕಣ್ಣಿಗೆ ಬಿದ್ದಿದೆ. ಅಂದಿನಿಂದ ಕೊಬ್ಬರಿ ಚೀಲ ಹತ್ತಿಸುವವರಿರಲಿ, ಮದುವೆಗೆ ಹೊರಟವರಿರಲಿ, ಎಲ್ಲರಿಗೂ ಒಂದೇ ಪ್ರಶ್ನೆ: "ವ್ಯಾನು ಈಗ್ಲೇ ತಗಳಾನಾ, ರಿಟೈರಾದ್ಮೇಲಾ?" ಉತ್ತರ ಬರುವ ತನಕ ಗೇರ್ ಹಾಕುವುದಿಲ್ಲ. "ಆಮೇಲೆ ತಗಳಪ್ಪ, ರಿಟೈರಾದಾಗ ದುಡ್ಡಿನ ಗಂಟು ಬತ್ತದಲ್ಲ" ಎಂದರೆ ತಲೆಯಾಡಿಸಿ, ಮುಂದಿನ ಸ್ಟಾಪಿನಲ್ಲಿ ಮತ್ತೆ ಅದನ್ನೇ ಕೇಳುತ್ತಾನೆ. ಮೊನ್ನೆ ಬಿಳಿಗೆರೆಯಲ್ಲಿ ಮಜ್ಜಿಗೆ ಕೊಡುವ ಹನುಮಕ್ಕ ರೇಗಿದಳು: "ಎಲ್ಲಾರೂ ಆಮೇಲೆ ಅಂತಾವ್ರೆ, ನಿಂಗ್ಯಾಕಣ್ಣ ಆತುರ?" ಜವರಪ್ಪ ಸ್ಟೇರಿಂಗ್ ಒರೆಸುತ್ತ ಮೆಲ್ಲಗೆ ಹೇಳಿದ: "ಕಡೇ ದಿನ ಬಸ್ಸು ಡಿಪೋಕ್ಕೆ ಬುಟ್ಟುಬುಡ್ತೀನಲ್ಲವ್ವ, ಅವತ್ತು ರಾತ್ರಿ ನಾನೆಲ್ಲಿ ಮಲಗ್ಲಿ?"